ಮಿರರ್‌ಲೆಸ್ ಕಾಲದ ಝೂಮ್ ಲೆನ್ಸು: ಬಾಳಿಕೆಯ ಪ್ರಶ್ನೆ

ವೃತ್ತಿಪರ ಝೂಮ್ ಲೆನ್ಸು ಎಂದಾಗ ಮುಖ್ಯವಾಗಿ ಎರಡು ಅಳತೆಗಳು ಮನಸ್ಸಿಗೆ ಬರುತ್ತವೆ: 24–70 ಮಿ.ಮೀ. ಮತ್ತು 70–200 ಮಿ.ಮೀ. ಎರಡರಲ್ಲೂ ಅಪರ್ಚರ್ ಎಫ್/2.8. ಮದುವೆ, ಆರತಕ್ಷತೆ, ಜಾತ್ರೆ, ರಾಜಕೀಯ ಸಭೆ, ಪತ್ರಿಕೆಯ ಕೆಲಸ ಬಹುಪಾಲು ಈ ಎರಡರಲ್ಲೇ ನಡೆದುಹೋಗುತ್ತವೆ. ಕ್ಯಾಮೆರಾ ಬಾಡಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವ ಸ್ಟುಡಿಯೋ ಕೂಡ ಲೆನ್ಸನ್ನು ಹತ್ತು ಹದಿನೈದು ವರ್ಷದ ಲೆಕ್ಕದಲ್ಲೇ ಕೊಳ್ಳುತ್ತದೆ. ಕ್ಯಾಮೆರಾ ಕಂಪನಿಗಳದೇ ಲೆನ್ಸಾದರೆ ಒಂದರ ಬೆಲೆ ಲಕ್ಷ ದಾಟಿ ಎರಡು ಲಕ್ಷದ ಆಸುಪಾಸಿಗೆ ಹೋಗುತ್ತದೆ. ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಅದು ಹಲವರಿಗೆ ಕಂತಿನ ಸಾಲ, ಒಂದೆರಡು ಮದುವೆ ಸೀಜನ್ನಿನ ದುಡಿಮೆ. ಆದ್ದರಿಂದ ಚಿತ್ರ ಎಷ್ಟು ಚೂಪಾಗಿ ಬರುತ್ತದೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಲೆನ್ಸು ಎಷ್ಟು ವರ್ಷ ಬಾಳುತ್ತದೆ ಎಂಬುದು ಮುಖ್ಯವಾಗುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳ ಅನುಭವದ ಮೇಲೆ ನಿಂತಿದ್ದ ಈ ಲೆಕ್ಕ ಹಗುರವಾದ, ಎಲೆಕ್ಟ್ರಾನಿಕ್ಸ್ ತುಂಬಿದ ಮಿರರ್‌ಲೆಸ್ ಲೆನ್ಸುಗಳಿಗೂ ಹೊಂದುತ್ತದೆಯೇ ಎಂಬುದೇ ಈಗಿನ ವಿವಾದ.

ಹಾಳಾಗುವುದು ಎಂದರೇನು

ಲೆನ್ಸು ಹಾಳಾಯಿತು ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಇವನ್ನು ಬಿಡಿಸಿ ನೋಡದೆ ವಾದಕ್ಕಿಳಿದರೆ ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಗೆ ತಾಗುವುದೇ ಇಲ್ಲ.

ಮೊದಲನೆಯದು ಗಾಜಿನದು: ಗೀರು, ಲೇಪನ ಹೋಗುವುದು, ಫಂಗಸ್, ಅಂಟಿಸಿದ ಎರಡು ಗಾಜುಗಳ ನಡುವಿನ ಅಂಟು ಬಿಡುವುದು. ಎರಡನೆಯದು ಗಾಜುಗಳ ನೇರ ತಪ್ಪುವುದು. ಸೋನಿಯ 24–70 ಎಫ್/2.8 ಜಿ ಮಾಸ್ಟರ್ ಎರಡನೇ ಆವೃತ್ತಿಯಲ್ಲಿ 15 ಗುಂಪುಗಳಲ್ಲಿ 20 ಗಾಜುಗಳಿವೆ. ಇವುಗಳಲ್ಲಿ ಒಂದು ಗುಂಪು ಕೂದಲೆಳೆಗಿಂತ ಕಡಿಮೆ ಅಂತರ ವಾಲಿದರೂ ಚಿತ್ರದ ಒಂದು ಬದಿ ಮಂದವಾಗುತ್ತದೆ. ಮೂರನೆಯದು ಚಲಿಸುವ ಭಾಗಗಳ ಸವೆತ. ಝೂಮ್ ರಿಂಗಿನ ಒಳಗೆ ಓರೆ ತೋಡುಗಳನ್ನು ಕೊರೆದ ಕೊಳವೆಯೊಂದಿದೆ, ಅದಕ್ಕೆ ಕ್ಯಾಮ್ ಎನ್ನುತ್ತಾರೆ. ಗಾಜಿನ ಗುಂಪುಗಳಿಗೆ ಹೊಂದಿಸಿದ ಪುಟ್ಟ ರೋಲರುಗಳು ಆ ತೋಡುಗಳಲ್ಲಿ ಓಡಾಡಿ, ಒಂದೊಂದು ಗುಂಪನ್ನು ಒಂದೊಂದು ವೇಗದಲ್ಲಿ ಹಿಂದೆ ಮುಂದೆ ಒಯ್ಯುತ್ತವೆ. ತೋಡು ಅಥವಾ ರೋಲರು ಸವೆದರೆ ಗುಂಪು ಅಲುಗಾಡತೊಡಗುತ್ತದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಮೇಲೆ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೆಡ್ ಸವೆದು ಸ್ಯಾಡಲ್ ಆಟ ಕೊಡತೊಡಗಿದರೆ ಲೇತು ನಿಂತುಹೋಗುವುದಿಲ್ಲ, ಅಳತೆ ತಪ್ಪುತ್ತದೆ. ಲೆನ್ಸಿನ ಸವೆತವೂ ಹಾಗೆಯೇ. ರಿಂಗ್ ತಿರುಗುತ್ತಲೇ ಇರುತ್ತದೆ. ಕೆಟ್ಟಿರುವುದು ಗೊತ್ತಾಗುವುದು ಗುಂಪು ಚಿತ್ರದ ಕೊನೆಯ ಸಾಲಿನಲ್ಲಿ ನಿಂತವರ ಮುಖ ಮಸುಕಾಗಿ ಬಂದಾಗ.

ನಾಲ್ಕನೆಯದು ಎಲೆಕ್ಟ್ರಾನಿಕ್ಸ್: ಫೋಕಸ್ ಮೋಟಾರು, ಅಪರ್ಚರ್ ಘಟಕ, ಮೌಂಟಿನ ಪಿನ್ನುಗಳು, ಝೂಮ್ ತಿರುಗಿಸಿದಾಗಲೆಲ್ಲ ಮಡಚಿ ಬಿಚ್ಚುವ ತೆಳು ಫ್ಲೆಕ್ಸ್ ಕೇಬಲ್. ಇಲ್ಲಿ ಸಾಮಾನ್ಯವಾಗಿ ಮುನ್ಸೂಚನೆ ಇರುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೇ ಪರದೆಯ ಮೇಲೆ ಎರರ್ ಬಂದು ಲೆನ್ಸು ನಿಂತುಬಿಡಬಹುದು.

ನಡೆದು ಬಂದ ದಾರಿ

ಸ್ಥಿರಚಿತ್ರದ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಮಾರಾಟಕ್ಕೆ ಬಂದ ಮೊದಲ ಝೂಮ್, ಫೊಯ್‌ಕ್ಟ್‌ಲೆಂಡರ್ ಕಂಪನಿಯ ಝೂಮರ್ 36–82 ಮಿ.ಮೀ. ಎಫ್/2.8. ಅದು ಬಂದದ್ದು 1959ರಲ್ಲಿ. ಮುಂದಿನ ಎರಡು ಮೂರು ದಶಕ ಝೂಮ್ ಎಂದರೆ ಅನುಕೂಲಕ್ಕಾಗಿ ಗುಣಮಟ್ಟವನ್ನು ಬಿಟ್ಟುಕೊಟ್ಟ ಲೆನ್ಸು ಎಂಬ ಭಾವನೆ ಉಳಿದಿತ್ತು. 1980ರ ದಶಕದ ಕೊನೆ, 1990ರ ದಶಕದಲ್ಲಿ ಎಫ್/2.8ರ ಆಟೋಫೋಕಸ್ ಝೂಮ್‌ಗಳು ಬಂದು ವೃತ್ತಿಪರರ ಕೈಯಲ್ಲಿ ನೆಲೆನಿಂತವು. ಕ್ಯಾನನ್ನಿನ 70–200 ಎಫ್/2.8 ಎಲ್ 1995ರದು. ಆ ಪೀಳಿಗೆಯ ಲೆನ್ಸುಗಳು ದಪ್ಪ ಲೋಹದ ಕೊಳವೆಯವು, 70–200 ಅಳತೆಯವುಗಳ ತೂಕ ಒಂದು ಕಿಲೋಗಿಂತ ಹೆಚ್ಚು. ಬಾಳಿಕೆ ಎಂದರೆ ತೂಕ ಎಂಬ ನಂಬಿಕೆ ಹುಟ್ಟಿದ್ದು ಅವುಗಳಿಂದ, ಆ ನಂಬಿಕೆಗೆ ಅವು ತಕ್ಕಂತೆ ನಡೆದುಕೊಂಡವು ಕೂಡ.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ನಷ್ಟವೂ ಕಂಡಿತು. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ಮೌಂಟ್ ತಂದಾಗ, ಏನೂ ಕೆಡದ ಸಾವಿರಾರು ಲೆನ್ಸುಗಳಿಗೆ ಹೊಸ ಬಾಡಿಗಳಲ್ಲಿ ಜಾಗ ಇಲ್ಲದಾಯಿತು.

ಮಿರರ್‌ಲೆಸ್ ಬದಲಾವಣೆ 2008ರ ಪ್ಯಾನಸೋನಿಕ್ ಜಿ1ರಿಂದ ಶುರುವಾಗಿ, 2013ರ ಸೋನಿ ಎ7ನಿಂದ ಫುಲ್‌ಫ್ರೇಮಿಗೆ ಬಂದು, 2018ರಲ್ಲಿ ಕ್ಯಾನನ್ ಆರ್‌ಎಫ್ ಮತ್ತು ನಿಕಾನ್ ಝೆಡ್ ಮೌಂಟುಗಳೊಂದಿಗೆ ಪೂರ್ಣವಾಯಿತು. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವಿದ್ದ ಕನ್ನಡಿ ಹೋದದ್ದರಿಂದ ಲೆನ್ಸಿನ ಹಿಂಭಾಗ ಸೆನ್ಸರಿಗೆ ಬಹಳ ಹತ್ತಿರ ಬಂತು. ನಿಕಾನಿನ ಎಫ್ ಮೌಂಟಿನಲ್ಲಿ ಮೌಂಟಿನಿಂದ ಸೆನ್ಸರಿಗೆ 46.5 ಮಿ.ಮೀ. ಇದ್ದ ಅಂತರ ಝೆಡ್‌ನಲ್ಲಿ 16 ಮಿ.ಮೀ.ಗೆ ಇಳಿಯಿತು. ವಿನ್ಯಾಸಕಾರರಿಗೆ ಹೊಸ ಸ್ವಾತಂತ್ರ್ಯ ಸಿಕ್ಕಿತು, ತೂಕ ಇಳಿಸುವ ಪೈಪೋಟಿ ಶುರುವಾಯಿತು. ಸೋನಿಯ 70–200 ಜಿ ಮಾಸ್ಟರ್ 2016ರಲ್ಲಿ 1480 ಗ್ರಾಂ ಇತ್ತು. 2021ರ ಎರಡನೇ ಆವೃತ್ತಿ 1045 ಗ್ರಾಂ. 24–70 ಕೂಡ 886 ಗ್ರಾಂನಿಂದ 695ಕ್ಕೆ ಇಳಿಯಿತು. ಟ್ಯಾಮ್ರಾನ್ 2018ರಲ್ಲಿ ತಂದ 28–75 ಎಫ್/2.8 ಬರೀ 550 ಗ್ರಾಂ. ಇಷ್ಟು ತೂಕ ಎಲ್ಲಿಂದ ಹೋಯಿತು, ಅದರ ಜೊತೆ ಗಟ್ಟಿತನವೂ ಹೋಯಿತೇ ಎಂಬುದರಿಂದಲೇ ಇಂದಿನ ಚರ್ಚೆ ಆರಂಭವಾಗುವುದು.

ಲೋಹದ ಪಕ್ಷ

ಅತ್ಯಂತ ಹಳೆಯ ಮತ್ತು ಅತ್ಯಂತ ಜನಪ್ರಿಯ ನಿಲುವು ಇದು: ಲೋಹದ ಮೈ ಇದ್ದರೆ ಲೆನ್ಸು ಬಾಳುತ್ತದೆ, ಪ್ಲಾಸ್ಟಿಕ್ ಆದರೆ ಇಲ್ಲ. ಪೆಟ್ಟು ಬೀಳುವ ಸಂದರ್ಭಕ್ಕೆ ಇದರಲ್ಲಿ ಸತ್ಯಾಂಶವಿದೆ. ಮಂಟಪದ ಮೆಟ್ಟಿಲ ಮೇಲೆ ಕ್ಯಾಮೆರಾ ಜಾರಿ ಬಿದ್ದಾಗ ಲೋಹ ಬಾಗುತ್ತದೆ, ಪ್ಲಾಸ್ಟಿಕ್ ಸೀಳುತ್ತದೆ.

ಆದರೆ ಹೊರಗಿನ ಚರ್ಮ ನೋಡಿ ಒಳಗಿನ ಎಲುಬನ್ನು ಊಹಿಸಲಾಗದು. ಅಮೆರಿಕದ ಲೆನ್ಸ್‌ರೆಂಟಲ್ಸ್ ಎಂಬ ಬಾಡಿಗೆ ಸಂಸ್ಥೆಯ ಸ್ಥಾಪಕ ರೋಜರ್ ಸಿಕಾಲಾ ಹಲವು ಲೆನ್ಸುಗಳನ್ನು ಬಿಚ್ಚಿ ಚಿತ್ರಸಹಿತ ಬರೆದಿದ್ದಾರೆ. ಲೋಹದ ಮೌಂಟ್ ಇರುವ ಲೆನ್ಸುಗಳಲ್ಲೂ ಅನೇಕ ಬಾರಿ ಆ ಮೌಂಟಿನ ಸ್ಕ್ರೂಗಳು ಒಳಗಿನ ಪ್ಲಾಸ್ಟಿಕ್ ಕಂಬಗಳಿಗೇ ಕಚ್ಚಿಕೊಂಡಿರುತ್ತವೆ ಎಂದು ಅವರು ತೋರಿಸಿದ್ದು ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಗಾಜಿನ ನಾರು ಬೆರೆಸಿದ ಪಾಲಿಕಾರ್ಬನೇಟ್ ಬಿಸಿಲಿಗೆ ಲೋಹದಷ್ಟು ಹಿಗ್ಗದಂತೆ ಮಾಡಬಹುದು, ತುಕ್ಕು ಹಿಡಿಯುವುದಿಲ್ಲ, ಸಣ್ಣ ಪೆಟ್ಟನ್ನು ನುಂಗುತ್ತದೆ. ಈಗಿನ ದುಬಾರಿ ಲೆನ್ಸುಗಳು ಮೆಗ್ನೀಸಿಯಂ ಮಿಶ್ರಲೋಹವನ್ನೂ ಇಂಥ ಪ್ಲಾಸ್ಟಿಕ್ಕನ್ನೂ ಜೊತೆಯಾಗಿ ಬಳಸುತ್ತವೆ. ತೂಕವನ್ನೇ ಬಾಳಿಕೆಯ ಅಳತೆಗೋಲು ಮಾಡುವ ಕಾಲ ಮುಗಿದಿದೆ ಎನ್ನಲು ಇಷ್ಟು ಸಾಕು.

ಒಳಗೇ ಸರಿಯುವುದು, ಹೊರಗೆ ಚಾಚುವುದು

ಕ್ಯಾನನ್ 2019ರಲ್ಲಿ ಆರ್‌ಎಫ್ 70–200 ಎಫ್/2.8 ತಂದಾಗ ಹಲವರು ಬೆಚ್ಚಿದರು. ಅದಕ್ಕೆ ಮೊದಲು ವೃತ್ತಿಪರ 70–200 ಎಂದರೆ ಉದ್ದ ಬದಲಾಗದ, ಝೂಮ್ ಒಳಗೇ ನಡೆಯುವ ಲೆನ್ಸು. ಹೊಸದು ಝೂಮ್ ಮಾಡಿದಾಗ ಹೊರಗೆ ಚಾಚುತ್ತಿತ್ತು. ಚಾಚುವ ಕೊಳವೆಯ ಮೇಲಿನ ಅಪನಂಬಿಕೆಗೆ ಹಿನ್ನೆಲೆಯಿದೆ. 1998ರ ಕ್ಯಾನನ್ 100–400 ಲೆನ್ಸನ್ನು ಝೂಮ್ ಮಾಡಲು ಕೊಳವೆಯನ್ನೇ ಹಿಡಿದು ಎಳೆದು ತಳ್ಳಬೇಕಿತ್ತು. ಪ್ರತಿ ಎಳೆತಕ್ಕೂ ಅದು ಗಾಳಿಯ ಜೊತೆ ಧೂಳನ್ನೂ ಒಳಗೆ ಸೆಳೆಯುತ್ತದೆ ಎಂಬ ಮಾತು ಹಬ್ಬಿತ್ತು.

ಚಾಚುವ ಲೆನ್ಸಿನ ಒಳಗಿನ ಗಾಳಿಯ ಪ್ರಮಾಣ ಬದಲಾಗುವುದರಿಂದ ಗಾಳಿ ಒಳಗೆ ಹೊರಗೆ ಓಡಾಡಲೇಬೇಕು, ಇದು ಭೌತಶಾಸ್ತ್ರ. ಆದರೆ ಒಳಝೂಮ್ ಲೆನ್ಸೂ ಗಾಳಿಗೆ ಪೂರ್ತಿ ಮುಚ್ಚಿದ ಡಬ್ಬಿಯಲ್ಲ; ಅದರೊಳಗೂ ಧೂಳು ಸೇರುತ್ತದೆ. ಬಲದ ಪ್ರಶ್ನೆಯಲ್ಲಂತೂ ಸಿಕಾಲಾ ತಂಡ ಆ ಆರ್‌ಎಫ್ ಲೆನ್ಸನ್ನು ಬಿಚ್ಚಿ ನೋಡಿ, ಚಾಚುವ ಭಾಗಕ್ಕೆ ಕೊಟ್ಟ ಆಧಾರ ಗಟ್ಟಿಯಾಗಿದೆ ಎಂಬ ನಿರ್ಣಯಕ್ಕೆ ಬಂತು. ತಯಾರಕರು ಒಂದೇ ಕಡೆಗೆ ವಾಲಿಲ್ಲ. ಅದೇ ಕ್ಯಾನನ್ 2024ರಲ್ಲಿ ಒಳಝೂಮ್ ಇರುವ 70–200 ಝೆಡ್ ಆವೃತ್ತಿಯನ್ನೂ ತಂದು ಎರಡನ್ನೂ ಮಾರುತ್ತಿದೆ. ನಿಕಾನ್ 2025ರಲ್ಲಿ 24–70 ಎಫ್/2.8ರ ಎರಡನೇ ಆವೃತ್ತಿಯಲ್ಲೇ ಒಳಝೂಮ್ ಅಳವಡಿಸಿತು. ಇದರಲ್ಲಿ ವಿಡಿಯೋ ಮಾಡುವವರ ಪಾಲು ದೊಡ್ಡದು. ಗಿಂಬಲ್ ಮೇಲೆ ತೂಕದ ಸಮತೋಲ ಬದಲಾಗಬಾರದು ಎಂಬುದು ಅವರ ಬೇಡಿಕೆ. ಅದನ್ನು ಬಾಳಿಕೆಯ ಪರವಾದ ತೀರ್ಪು ಎಂದು ಓದುವುದು ತಪ್ಪಾದೀತು.

ಸೀಲ್‌ಗಳು ಎಷ್ಟು ಕಾಯುತ್ತವೆ

ಮೂರನೆಯ ಪಕ್ಷಕ್ಕೆ ಮುಖ್ಯವಾದುದು ಮೌಂಟಿನ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್, ರಿಂಗುಗಳ ಕೆಳಗಿನ ಫೆಲ್ಟ್ ಮತ್ತು ಫೋಮ್ ಪಟ್ಟಿಗಳು, ಮುಂಗಾಜಿನ ಫ್ಲೋರಿನ್ ಲೇಪನ. ಹೆಚ್ಚಿನ ಕಂಪನಿಗಳು ಧೂಳು–ತೇವ ನಿರೋಧಕ ಎಂದು ಬರೆದು, ಅದರ ಕೆಳಗೇ ಪೂರ್ಣ ರಕ್ಷಣೆಯ ಭರವಸೆ ಇಲ್ಲ ಎಂದೂ ಬರೆಯುತ್ತವೆ. ಅಳೆಯಬಹುದಾದ ಮಾನದಂಡ ಇಲ್ಲವೆಂದಲ್ಲ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60529 ಮಾನಕ ಐಪಿ ದರ್ಜೆಗಳನ್ನು ನಿಗದಿ ಮಾಡುತ್ತದೆ. ಓಎಂ ಸಿಸ್ಟಂ ತನ್ನ 12–40 ಎಫ್/2.8 ಪ್ರೋ ಎರಡನೇ ಆವೃತ್ತಿಗೆ ಐಪಿ53 ಎಂದು ಹೇಳಿಕೊಳ್ಳುವ ಧೈರ್ಯ ಮಾಡಿದೆ. ಅದರ ಅರ್ಥ ಹಾನಿ ಮಾಡುವಷ್ಟು ಧೂಳು ಒಳಗೆ ಹೋಗದು, ನೇರ ಮೇಲಿನಿಂದ 60 ಡಿಗ್ರಿವರೆಗಿನ ಓರೆಯಲ್ಲಿ ಎರಚುವ ನೀರನ್ನು ತಡೆಯುತ್ತದೆ ಎಂದಷ್ಟೆ. ಉಳಿದ ದೊಡ್ಡ ಕಂಪನಿಗಳೂ ತಮ್ಮ ದುಬಾರಿ ಝೂಮ್‌ಗಳ ಬಗ್ಗೆ ಇಷ್ಟು ಸ್ಪಷ್ಟವಾಗಿ ಹೇಳಬೇಕೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಈ ಪಕ್ಷದ ದೌರ್ಬಲ್ಯ ಕಾಲದ್ದು. ಪರೀಕ್ಷೆ ನಡೆಯುವುದು ಹೊಸ ಲೆನ್ಸಿನ ಮೇಲೆ. ರಬ್ಬರ್ ಒಣಗಿ ಗಡುಸಾದ ಎಂಟನೇ ವರ್ಷದಲ್ಲಿ, ಅಥವಾ ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ, ಆ ದರ್ಜೆ ಉಳಿದಿದೆ ಎನ್ನಲು ಆಧಾರವಿಲ್ಲ. ಇನ್ನೊಂದು ಮಾತು: ನೀರನ್ನು ಹೊರಗಿಡುವ ಸೀಲ್, ಒಳಗೆ ಒಮ್ಮೆ ಸೇರಿದ ತೇವವನ್ನು ಬೇಗ ಹೊರಹೋಗಲೂ ಬಿಡುವುದಿಲ್ಲ.

ತುಂಗಭದ್ರೆಯ ದಂಡೆಯ ಹವೆ

ಕಾರ್ಖಾನೆಯ ಪರೀಕ್ಷೆಗಿಂತ ಊರಿನ ಹವೆ ಹೆಚ್ಚು ಹೇಳುತ್ತದೆ. ಹರಿಹರದ ಪಕ್ಕದ ಗುತ್ತೂರಿನಿಂದ ದಾವಣಗೆರೆಯವರೆಗಿನ ಪಟ್ಟಿ ಈ ಪ್ರಶ್ನೆಯನ್ನು ನೋಡಲು ಒಳ್ಳೆಯ ಜಾಗ, ಏಕೆಂದರೆ ಇಲ್ಲಿ ಕೆಲಸ ಮಾಡುವ ಲೆನ್ಸು ಒಂದೇ ವರ್ಷದಲ್ಲಿ ಎರಡು ವಿರುದ್ಧ ಹವೆಗಳನ್ನು ಕಾಣುತ್ತದೆ. ಮಾರ್ಚ್‌ನಿಂದ ಮೇ ತನಕ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಎರೆಭೂಮಿಯ ಧೂಳು ಹಿಟ್ಟಿನಷ್ಟು ನುಣುಪು. ಜೂನ್ ನಂತರ ತೇವದ ಗಾಳಿ. ಭದ್ರಾ ನಾಲೆಯ ನೀರಲ್ಲಿ ನಿಂತ ಭತ್ತದ ಗದ್ದೆಗಳ ನಡುವಿನ ಊರುಗಳಲ್ಲಿ ತೇವ ಇನ್ನೂ ಹೆಚ್ಚು. ಹತ್ತಿರದ ರಾಣೆಬೆನ್ನೂರು ಕೃಷ್ಣಮೃಗ ಧಾಮಕ್ಕೂ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮಕ್ಕೂ ಹೋಗುವ ವನ್ಯಜೀವಿ ಛಾಯಾಗ್ರಾಹಕ ಒಣ ಕುರುಚಲಿನ ಧೂಳಲ್ಲಿ ಕೂರುತ್ತಾನೆ. ಅದೇ ಲೆನ್ಸು ಮಳೆಗಾಲದಲ್ಲಿ ಆಗುಂಬೆಗೆ ಹೋದರೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಕಾಡಿನಲ್ಲಿರುತ್ತದೆ.

ಕೆಲಸದ ಸ್ವರೂಪವೂ ಲೆನ್ಸಿಗೆ ಸುಲಭವಲ್ಲ. ಅರಿಶಿನ ಶಾಸ್ತ್ರದ ಪುಡಿ, ಹೋಮದ ಹೊಗೆ, ವಧೂವರರ ಪ್ರವೇಶಕ್ಕೆ ಹಚ್ಚುವ ಬಣ್ಣದ ಹೊಗೆ ಇವೆಲ್ಲ ಎಣ್ಣೆ ಬೆರೆತ ನುಣುಪು ಕಣಗಳು. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೈಲಾರದ ಕಾರಣಿಕೋತ್ಸವ ವರ್ಷಕ್ಕೊಮ್ಮೆ, ಅಲ್ಲಿ ಭಂಡಾರದ ಅರಿಶಿನ ಗಾಳಿಯಲ್ಲೇ ತೇಲುತ್ತಿರುತ್ತದೆ. ರಿಂಗಿನ ಸಂದಿಯಲ್ಲಿ ಕೂತ ಅರಿಶಿನ ಗ್ರೀಸಿನೊಂದಿಗೆ ಬೆರೆತರೆ ಝೂಮ್ ಮೊದಲು ಬಿಗಿಯಾಗುತ್ತದೆ. ಅದರಲ್ಲಿ ಮರಳಿನ ಕಣ ಸೇರಿದರೆ ಸವೆತ ಶುರು.

ಆದರೂ ಈ ಭಾಗದಲ್ಲಿ ಲೆನ್ಸಿಗೆ ದೊಡ್ಡ ಶತ್ರು ಕೆಲಸದ ಹೊತ್ತಿನಲ್ಲಿಲ್ಲ, ಕೆಲಸವಿಲ್ಲದ ಹೊತ್ತಿನಲ್ಲಿದೆ. ಆಷಾಢದಲ್ಲಿ ಮದುವೆಗಳಿಲ್ಲ; ಕ್ಯಾಮೆರಾ ಬ್ಯಾಗು ಗೋಡೆಯ ಕಪಾಟು ಸೇರುತ್ತದೆ, ಹೊರಗೆ ಮಳೆಗಾಲ. ಸಾಪೇಕ್ಷ ತೇವ ಶೇ. 65–70 ದಾಟಿ ವಾರಗಟ್ಟಲೆ ನಿಂತರೆ, ಕತ್ತಲು ಮತ್ತು ಓಡಾಡದ ಗಾಳಿ ಜೊತೆಗಿದ್ದರೆ ಫಂಗಸ್ ಬೆಳೆಯುತ್ತದೆ. ಅದರ ಬೀಜಕಣಗಳು ಎಲ್ಲೆಲ್ಲೂ ಇವೆ. ಬೇಕಾದ ಆಹಾರ ಧೂಳು, ಬೆರಳಿನ ಜಿಡ್ಡು, ಎಣ್ಣೆಯ ತೆಳು ಪದರದಲ್ಲೇ ಸಿಗುತ್ತದೆ. ಬೆಳೆಯುತ್ತ ಬಿಡುವ ಆಮ್ಲ ಗಾಜಿನ ಲೇಪನವನ್ನು ಕೊರೆದರೆ ಒರೆಸಿದ ಮೇಲೂ ಬಳ್ಳಿಯಂಥ ಗುರುತು ಉಳಿಯುತ್ತದೆ. ಶೇ. 40–50ರ ತೇವದಲ್ಲಿಡುವ ಡ್ರೈ ಕ್ಯಾಬಿನೆಟ್ ಇದನ್ನು ತಡೆಯುತ್ತದೆ; ಅದಿಲ್ಲದವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಆಗಾಗ ಬಿಸಿಮಾಡಿ ಒಣಗಿಸಿದ ಸಿಲಿಕಾ ಜೆಲ್, ಅಗ್ಗದ ಒಂದು ತೇವಮಾಪಕ ಸಾಕು. ಉಪಕರಣಗಳ ಪರಿಸರ ಪರೀಕ್ಷೆಗೆಂದೇ ಇರುವ ಐಎಸ್‌ಒ 9022 ಮಾನಕ ಬೂಷ್ಟಿನ ಬೆಳವಣಿಗೆಗೆ ಒಂದು ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದೆ. ಆದರೂ ಕ್ಯಾಮೆರಾ ಅಂಗಡಿಯ ಕರಪತ್ರಗಳಲ್ಲಿ ಈ ವಿಷಯಕ್ಕೆ ಜಾಗವಿಲ್ಲ.

ಧೂಳಿನ ಬಗ್ಗೆ ಇರುವ ಭಯ ಮಾತ್ರ ಅದರ ಹಾನಿಗಿಂತ ದೊಡ್ಡದು. ಮುಂದಿನ ಗಾಜುಗಳ ಮೇಲಿನ ಕೆಲವು ಕಣಗಳು ಚಿತ್ರದಲ್ಲಿ ಕಾಣುವುದೇ ಇಲ್ಲ. ಬಹಳವಾದರೆ ಎದುರು ಬೆಳಕಿನಲ್ಲಿ ಕಾಂಟ್ರಾಸ್ಟ್ ಕುಗ್ಗುತ್ತದೆ. ಹಿಂದಿನ ಗಾಜು ಸೆನ್ಸರಿಗೆ ಹತ್ತಿರವಿರುವ ಮಿರರ್‌ಲೆಸ್‌ನಲ್ಲಿ ಅಲ್ಲಿಯ ಧೂಳಿಗೆ ಮಾತ್ರ ಸ್ವಲ್ಪ ಹೆಚ್ಚು ಗಮನ ಬೇಕು.

ಮೋಟಾರು ಮತ್ತು ಬೋರ್ಡು

ನಾಲ್ಕನೆಯ ಪಕ್ಷದ ಪ್ರಕಾರ ಗಾಜು, ಲೋಹ, ಸೀಲ್ ಇವೆಲ್ಲ ಎರಡನೆಯ ಮಾತು. ಮಿರರ್‌ಲೆಸ್ ಲೆನ್ಸಿನ ಆಯುಸ್ಸನ್ನು ನಿರ್ಧರಿಸುವುದು ಅದರ ವಿದ್ಯುತ್ ಭಾಗ. ಹಳೆಯ ನಿಕಾನ್ ಎಎಫ್-ಡಿ ಲೆನ್ಸುಗಳಲ್ಲಿ ಫೋಕಸ್ ಮೋಟಾರೇ ಇರಲಿಲ್ಲ. ಬಾಡಿಯ ಮೋಟಾರು ಸ್ಕ್ರೂ ಮೂಲಕ ತಿರುಗಿಸುತ್ತಿತ್ತು. ಆದ್ದರಿಂದ 1990ರ ದಶಕದ ಅಂಥ ಲೆನ್ಸುಗಳು ಇಂದಿಗೂ ಹಳೆಯ ಬಾಡಿಗಳ ಮೇಲೆ ಓಡುತ್ತವೆ. ಇಂದಿನ ಮಿರರ್‌ಲೆಸ್ ಲೆನ್ಸುಗಳಲ್ಲಿ ಫೋಕಸ್ ರಿಂಗಿಗೂ ಗಾಜಿಗೂ ಸಾಮಾನ್ಯವಾಗಿ ಯಾಂತ್ರಿಕ ಸಂಪರ್ಕವೇ ಇಲ್ಲ. ರಿಂಗಿನ ಚಲನೆಯನ್ನು ಬೋರ್ಡು ಓದಿ ಮೋಟಾರಿಗೆ ಆಜ್ಞೆ ಕೊಡುತ್ತದೆ. ಬೋರ್ಡು ಕೆಟ್ಟರೆ ಕೈಯಿಂದಲೂ ಫೋಕಸ್ ಮಾಡಲಾಗದು.

ಎದುರು ವಾದವೂ ಬಲವಾದದ್ದೇ. ಹಳೆಯ ಗೇರುಗಳೂ ಉಜ್ಜಿಕೊಂಡು ತಿರುಗುವ ಅಲ್ಟ್ರಾಸಾನಿಕ್ ರಿಂಗುಗಳೂ ಸವೆಯುತ್ತಿದ್ದವು. ಈಗಿನ ಲೀನಿಯರ್ ಮೋಟಾರಿನಲ್ಲಿ ಗಾಜಿನ ಗುಂಪನ್ನು ಅಯಸ್ಕಾಂತ ಬಲವೇ ಹಳಿಯ ಮೇಲೆ ಸರಿಸುತ್ತದೆ, ಉಜ್ಜುವ ಭಾಗ ಕಡಿಮೆ. ಕ್ಯಾಮೆರಾ ಆಫ್ ಮಾಡಿ ಲೆನ್ಸು ಅಲುಗಿಸಿದರೆ ಒಳಗೆ ಟಕ್ ಟಕ್ ಎನ್ನುವುದು ಇದರಿಂದಲೇ, ಅದು ದೋಷವಲ್ಲ. ವಿದ್ಯುತ್ ಇಲ್ಲದಾಗ ಆ ಗುಂಪು ಸಡಿಲವಾಗಿರುತ್ತದೆ. ಬೈಕಿನ ಮೇಲೆ ಹಳ್ಳ ದಿಣ್ಣೆಯ ದಾರಿಯಲ್ಲಿ ವರ್ಷಗಟ್ಟಲೆ ಹೀಗೆ ಬಡಿದುಕೊಂಡರೆ ಏನಾಗುತ್ತದೆ ಎಂಬುದು ನ್ಯಾಯವಾದ ಪ್ರಶ್ನೆಯೇ.

ದುರಸ್ತಿಯೇ ಬಾಳಿಕೆ

ಕೊನೆಯ ಪಕ್ಷ ಪ್ರಶ್ನೆಯನ್ನೇ ತಿರುಗಿಸುತ್ತದೆ. ಯಾವ ಲೆನ್ಸೂ ಕೆಡದೆ ಇರುವುದಿಲ್ಲ. ಕೆಟ್ಟದ್ದನ್ನು ಎಷ್ಟು ದಿನದಲ್ಲಿ, ಎಷ್ಟು ದುಡ್ಡಿನಲ್ಲಿ ಸರಿಮಾಡಬಹುದು ಎಂಬುದೇ ಬಾಳಿಕೆ. ಮಧ್ಯ ಕರ್ನಾಟಕದ ಮಟ್ಟಿಗೆ ಎಲ್ಲ ಪಕ್ಷಗಳಿಗಿಂತ ಹೆಚ್ಚು ವಿವರಿಸುವುದು ಇದೇ. ದಾವಣಗೆರೆಯಲ್ಲಿ ಫಂಗಸ್ ಒರೆಸುವ, ರಿಂಗಿನ ರಬ್ಬರ್ ಬದಲಿಸುವ ಕೈಗಳು ಸಿಕ್ಕಾವು. ಗಾಜಿನ ಗುಂಪನ್ನು ಮತ್ತೆ ನೇರಕ್ಕೆ ತರಲು ಆಪ್ಟಿಕಲ್ ಬೆಂಚ್, ತಯಾರಕರ ಸಾಫ್ಟ್‌ವೇರ್, ಅಸಲಿ ಬಿಡಿಭಾಗ ಬೇಕು. ಅಂಥ ಕೆಲಸಕ್ಕೆ ಲೆನ್ಸು ಸಾಮಾನ್ಯವಾಗಿ ಸುಮಾರು 260 ಕಿ.ಮೀ. ದೂರದ ಬೆಂಗಳೂರಿನ ಹಾದಿ ಹಿಡಿಯಬೇಕು. ಮದುವೆ ಸೀಜನ್ನಿನ ನಡುವೆ ಹೀಗಾದರೆ ದುರಸ್ತಿ ಬಿಲ್ಲಿನ ಜೊತೆಗೆ ಬಾಡಿಗೆ ಲೆನ್ಸಿನ ಖರ್ಚೂ ಸೇರುತ್ತದೆ.

ತಯಾರಿಕೆ ನಿಂತ ಕೆಲವು ವರ್ಷಗಳಲ್ಲಿ ಬಿಡಿಭಾಗ ನಿಲ್ಲುವುದು ಇನ್ನೊಂದು ತೊಡಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ಆರಂಭಿಸಿ, ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಕರಣ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆಯ್ದುಕೊಂಡಿತು. ದುಡಿಮೆಯ ಉಪಕರಣವಾದ ಲೆನ್ಸು ಈ ಚರ್ಚೆಯ ಅಂಚಿನಲ್ಲೇ ಉಳಿದಿದೆ. ಹಾಗೆ ಉಳಿಯಬಾರದು.

ದುರಸ್ತಿಯ ಪಕ್ಷಕ್ಕೂ ಒಂದು ಮಿತಿಯಿದೆ. ಕೆಡದ ಲೆನ್ಸೂ ವ್ಯವಸ್ಥೆಯಿಂದ ಹೊರಬೀಳಬಹುದು. ನಿಕಾನಿನ ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ಸ್ಕ್ರೂ ಮೋಟಾರಿಲ್ಲದ ಕಾರಣ ಎಎಫ್-ಡಿ ಲೆನ್ಸುಗಳು ಮಿರರ್‌ಲೆಸ್ ಬಾಡಿಯ ಮೇಲೆ ಆಟೋಫೋಕಸ್ ಕಳೆದುಕೊಂಡವು. ಕ್ಯಾನನ್ ಇಎಫ್ ಲೆನ್ಸುಗಳು ಆರ್‌ಎಫ್ ಬಾಡಿಗಳಲ್ಲಿ ಅಡಾಪ್ಟರಿನೊಂದಿಗೆ ಚೆನ್ನಾಗಿ ನಡೆಯುತ್ತಿರುವುದರಿಂದಲೇ ಅನೇಕ ಸ್ಟುಡಿಯೋಗಳು ಹಳೆಯ 70–200ನ್ನು ಇನ್ನೂ ಮಾರಿಲ್ಲ.

ಇತ್ಯರ್ಥವಾಗದೆ ಉಳಿದವು

ಫುಲ್‌ಫ್ರೇಮ್ ಮಿರರ್‌ಲೆಸ್‌ನ ಎಫ್/2.8 ಝೂಮ್‌ಗಳಲ್ಲಿ ಹಳೆಯವಕ್ಕೂ ಈಗ ಹತ್ತು ವರ್ಷದ ಆಸುಪಾಸು. ಇಪ್ಪತ್ತು ವರ್ಷ ದುಡಿದ ಲೋಹದ ಲೆನ್ಸುಗಳೊಂದಿಗೆ ಅವನ್ನು ನ್ಯಾಯವಾಗಿ ಹೋಲಿಸುವ ಕಾಲ ಬಂದಿಲ್ಲ. ಯಾವ ಮಾದರಿ ಎಷ್ಟು ಬಾರಿ, ಯಾವ ಕಾರಣಕ್ಕೆ ದುರಸ್ತಿಗೆ ಬಂತು ಎಂಬ ಅಂಕಿಅಂಶವನ್ನು ಕಂಪನಿಗಳು ಬಹಿರಂಗಪಡಿಸುವುದಿಲ್ಲ. ಬಾಡಿಗೆ ಸಂಸ್ಥೆಗಳ ಬರಹಗಳೇ ಸದ್ಯಕ್ಕೆ ಹತ್ತಿರದ ಪುರಾವೆ. ಅವೂ ಬಹುಪಾಲು ಅಮೆರಿಕದ ಹವೆಯವು, ಕೈಯಿಂದ ಕೈಗೆ ಓಡಾಡುವ ಲೆನ್ಸುಗಳವು. ಹೊಸದಾಗಿದ್ದಾಗಲೇ ಒಂದೇ ಮಾದರಿಯ ಎರಡು ಝೂಮ್‌ಗಳ ನಡುವೆ ವ್ಯತ್ಯಾಸವಿರುತ್ತದೆ ಎಂಬುದನ್ನು ಲೆನ್ಸ್‌ರೆಂಟಲ್ಸ್ ಸಂಸ್ಥೆಯ ಪರೀಕ್ಷೆಗಳು ತೋರಿಸಿವೆ. ಹೀಗಾಗಿ ಐದು ವರ್ಷದ ಬಳಿಕ ಕಾಣುವ ಮಸುಕು ಸವೆತದ್ದೋ ಹುಟ್ಟಿನದೋ ಎಂದು ಬೇರ್ಪಡಿಸಲು, ಕೊಂಡ ದಿನವೇ ಗೋಡೆಯೊಂದರ ಚಿತ್ರ ತೆಗೆದು ಇಟ್ಟುಕೊಂಡವರಿಗಷ್ಟೇ ಸಾಧ್ಯ.

ಸೀಲ್‌ಗಳು ಯಾವ ವಯಸ್ಸಿನಲ್ಲಿ ಸೋಲುತ್ತವೆ, ದುರಸ್ತಿಯಲ್ಲಿ ಅವನ್ನು ಬದಲಿಸುವುದು ಕಡ್ಡಾಯವಾಗಬೇಕೇ, ಸಡಿಲ ಗುಂಪಿನ ಲೀನಿಯರ್ ಮೋಟಾರು ಸಾಗಾಟದ ಬಡಿತವನ್ನು ಎಷ್ಟು ತಾಳುತ್ತದೆ, ಎರೆಭೂಮಿಯ ಧೂಳಿಗೂ ಮಲೆನಾಡಿನ ತೇವಕ್ಕೂ ಚಾಚುವ ಲೆನ್ಸು ಮತ್ತು ಒಳಝೂಮ್ ಲೆನ್ಸು ಹೇಗೆ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ, ಈ ಒಂದಕ್ಕೂ ಸಾರ್ವಜನಿಕವಾಗಿ ನೋಡಬಹುದಾದ ದೀರ್ಘಕಾಲದ ಪರೀಕ್ಷೆ ಆಧಾರವಾಗಿಲ್ಲ. ಇನ್ನೊಂದು ಪ್ರಶ್ನೆ ಸಾಫ್ಟ್‌ವೇರಿನದು. ಅನೇಕ ಹೊಸ ಝೂಮ್‌ಗಳು ಅಂಚಿನ ಬಾಗನ್ನು ಗಾಜಿನಲ್ಲಿ ಪೂರ್ತಿ ತಿದ್ದದೆ ಬಾಡಿಯ ಲೆಕ್ಕಾಚಾರಕ್ಕೆ ಬಿಡುತ್ತವೆ. ಮುಂದೊಂದು ದಿನ ಬಾಡಿಯ ತಲೆಮಾರು ಬದಲಾದಾಗ ಆ ತಿದ್ದುಪಡಿಯನ್ನು ಯಾರು, ಎಷ್ಟು ವರ್ಷ ಒದಗಿಸುತ್ತಾರೆ ಎಂಬುದಕ್ಕೆ ಯಾವ ಖಾತರಿ ಪತ್ರದಲ್ಲೂ ಉತ್ತರವಿಲ್ಲ.